ಏಳು ಪ್ರಶ್ನೆ, ಒಂದು ಛತ್ರಿ

ಎಲ್ಲಕ್ಕೂ ಕಾರಣ ಒಂದು ಸುತ್ತೋಲೆ. ಬಸ್ ನಿಲ್ದಾಣದ ಕಳೆದುಹೋದ ಸಾಮಾನುಗಳ ಕೋಣೆಯ ಬೀಗ ತೆಗೆದಾಗ, ಅದು ಬಾಗಿಲ ಸಂದಿಯಿಂದ ಒಳಗೆ ಬಿದ್ದಿತ್ತು. ಗುಮಾಸ್ತರು ನಿಂತಲ್ಲೇ ಓದಿದರು. ಸಾಮಾನು ಕೇಳಿ ಬಂದವರಿಗೆ ಏಳು ಪ್ರಶ್ನೆ ಕೇಳಬೇಕು. ಏಳಕ್ಕೂ ಸರಿಯುತ್ತರ ಕೊಟ್ಟರೆ ಮರುಮಾತಿಲ್ಲದೆ ಕೊಡಬೇಕು. ಒಂದು ತಪ್ಪಿದರೂ ನಾಳೆ ಬನ್ನಿ ಎನ್ನಬೇಕು. ಎಲ್ಲ ನಿಲ್ದಾಣಗಳಲ್ಲಿ ಜಾರಿಗೆ ತರುವ ಮುನ್ನ ಇಲ್ಲಿ ಪ್ರಯೋಗ, ಸದ್ಯಕ್ಕೆ ಛತ್ರಿಗಳಿಗೆ ಮಾತ್ರ. ಮುಖ್ಯ ಕಚೇರಿಯಿಂದ ಪರೀಕ್ಷಕರು ಬರುತ್ತಾರೆ.

"ಬರೋರು ಪ್ರಯಾಣಿಕರ ಥರ ಬರ್ತಾರಂತೆ ಸಾರ್," ಎಂದ ಪಕ್ಕದ ವಿಚಾರಣೆ ಕಿಟಕಿಯವನು. ನಿಲ್ದಾಣಕ್ಕೆಲ್ಲ ಅವನು ರೇಡಿಯೋ. "ಹೋದ್ಸಲ ಟಿಕೆಟ್ ಯಂತ್ರದ ಪ್ರಯೋಗದಲ್ಲಿ ತಪ್ಪು ಮಾಡಿದೋನು ಈಗ ಶೆಡ್ಡಲ್ಲಿ ಬಸ್ಸು ತೊಳೀತಿದಾನೆ."

ಗುಮಾಸ್ತರು ಸುತ್ತೋಲೆಯನ್ನು ಇನ್ನೊಮ್ಮೆ ಓದಿದರು. ಮೊದಲೇ ಅವರು ಎದುರಿಗೆ ಬೆಕ್ಕು ಬಂದರೆ 'ಕ್ಷಮಿಸಿ' ಎಂದು ದಾರಿ ಬಿಡುವ ಪೈಕಿ.

ಮಧ್ಯಾಹ್ನದೊಳಗೆ ಐದು ಜನ ಬೈದು ಹೋದರು. ಎಲ್ಲರೂ ಎಡವಿದ್ದು ಏಳನೇ ಪ್ರಶ್ನೆಯಲ್ಲಿ: ಛತ್ರಿಗೆ ಎಷ್ಟು ಕಡ್ಡಿ?

"ಮಳೇಲಿ ಕಡ್ಡಿ ಎಣಿಸ್ತಾ ನಿಂತ್ಕೋಬೇಕೇನ್ರೀ?" ಎಂದು ಮುದುಕರೊಬ್ಬರು ಮೇಜು ಗುದ್ದಿದರು.

ಎದುರಿನ ಬೆಂಚಿನಲ್ಲಿ ಒಬ್ಬ ಬೋಳುತಲೆಯವನು ಪೇಪರು ಹಿಡಿದು ಕೂತಿದ್ದ. ರೇಡಿಯೋ ಪಿಸುಗುಟ್ಟಿದ: "ಅವರೇ ಸಾರ್! ಬೆಳಗ್ಗೆಯಿಂದ ಒಂದು ಪುಟಾನೂ ಮಗುಚಿಲ್ಲ." ಗುಮಾಸ್ತರು ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿಕೊಂಡರು.

ಮೂರು ಗಂಟೆಗೆ ಅವರ ಹೆಂಡತಿಯೇ ಬಂದಳು.

"ರೀ, ಛತ್ರಿ ಬಸ್ಸಲ್ಲೇ ಬಿಟ್ಬಿಟ್ಟೆ. ನಮ್ಮಮ್ಮ ಕೊಟ್ಟಿದ್ದು ಕಣ್ರೀ. ಬಂದಿದೆಯಾ?"

ಬಂದಿತ್ತು. ಅವರ ಬೆನ್ನ ಹಿಂದಿನ ಗೂಟದಲ್ಲೇ ನೇತಾಡುತ್ತಿತ್ತು. ಅತ್ತೆ ಕೊಟ್ಟ ಆ ಛತ್ರಿಯನ್ನು ಹೆಂಡತಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕೊಟ್ಟುಬಿಡೋಣ ಎಂದು ಕೈ ಎತ್ತಿದರು. ಬೆಂಚಿನ ಮೇಲಿನ ಪೇಪರು ಮೆಲ್ಲಗೆ ಕೆಳಗಿಳಿಯಿತು.

"ತಾವು... ಯಾರಮ್ಮ?" ಎಂದರು ಗುಮಾಸ್ತರು.

ಹೆಂಡತಿ ಅವರನ್ನೇ ದಿಟ್ಟಿಸಿದಳು. ಆಮೇಲೆ ಮೊದಲ ಆರು ಪ್ರಶ್ನೆಗೂ ಇಡೀ ನಿಲ್ದಾಣಕ್ಕೆ ಕೇಳುವಂತೆ ಉತ್ತರ ಕೊಟ್ಟಳು: ಹನ್ನೆರಡನೇ ನಂಬರ್ ಬಸ್ಸು, ಎಂಟೂವರೆ, ಡ್ರೈವರ್ ಹಿಂದಿನ ಸೀಟು, ನೀಲಿ ಬಣ್ಣ, ಮರದ ಹಿಡಿ, ಒಳಗಡೆ ಕೆಂಪು ದಾರದ ಹೊಲಿಗೆ.

"ಕಡ್ಡಿ?"

"ಹತ್ತು!"

"ಎಂಟು," ಎಂದರು ಗುಮಾಸ್ತರು ಅಳುವ ದನಿಯಲ್ಲಿ. "ನಾಳೆ ಬನ್ನಿ."

"ನಾಳೆ ಬರ್ತೀನಿ. ಇವತ್ತು ನೀವು ಮನೆಗೆ ಬನ್ನಿ!"

ಅವಳು ಅತ್ತ ಹೋಗುತ್ತಲೇ ಬೋಳುತಲೆಯವನು ಎದ್ದು ಕಿಟಕಿಗೆ ಬಂದ. "ನನ್ನ ಛತ್ರಿ. ಹನ್ನೆರಡನೇ ನಂಬರ್ ಬಸ್ಸು, ಎಂಟೂವರೆ, ಡ್ರೈವರ್ ಹಿಂದಿನ ಸೀಟು, ನೀಲಿ, ಮರದ ಹಿಡಿ, ಕೆಂಪು ಹೊಲಿಗೆ, ಎಂಟು ಕಡ್ಡಿ."

ಛತ್ರಿ ಯಾರದೆಂದು ಗುಮಾಸ್ತರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಏಳಕ್ಕೆ ಏಳೂ ಸರಿ. ಕೊಡದಿದ್ದರೆ ಶೆಡ್ಡು. ಕೊಟ್ಟರೂ, ಪರೀಕ್ಷೆ ಮುಗಿದ ಮೇಲೆ ಸಾಹೇಬರು ವಾಪಸ್ ಕೊಟ್ಟೇ ಕೊಡುತ್ತಾರೆ. ಎದ್ದು ಸಲಾಮು ಹೊಡೆದು ಎರಡೂ ಕೈಯಲ್ಲಿ ಒಪ್ಪಿಸಿದರು.

ಹೊರಗೆ ಮಳೆ ಶುರುವಾಗಿತ್ತು. ಅವನು ಛತ್ರಿ ಬಿಚ್ಚಿಕೊಂಡು ಹೋಗಿ, ಹೊರಟಿದ್ದ ಬಸ್ಸು ಹತ್ತಿದ.

ಐದಕ್ಕೆ ಫೋನು ಬಂತು. "ಮುಖ್ಯ ಕಚೇರಿಯಿಂದ. ಪರೀಕ್ಷಕರಿಗೆ ಇವತ್ತು ಹೊರಡೋಕೇ ಆಗ್ಲಿಲ್ಲ, ನಾಳೆ ಬೆಳಗ್ಗೆ ಬರ್ತಾರೆ. ಪ್ರಯೋಗ ಹೇಗೆ ನಡೀತು?"

"ಒಬ್ಬರು... ಪಾಸಾದ್ರು ಸಾರ್," ಎಂದರು ಗುಮಾಸ್ತರು.

ತೊಯ್ದು ತೊಪ್ಪೆಯಾಗಿ ಮನೆ ಸೇರಿದರು. ಬಾಗಿಲು ತೆಗೆದ ಹೆಂಡತಿ ನಗುತ್ತಿದ್ದಳು. ಅದನ್ನು ಕಂಡು ಅವರಿಗೆ ಇನ್ನಷ್ಟು ಹೆದರಿಕೆಯಾಯಿತು.

"ನಾಳೆ... ಪರೀಕ್ಷಕರು ಬರ್ತಾರೆ," ಎಂದು ತೊದಲಿದರು.

"ಒಳ್ಳೇದೇ ಆಯ್ತಲ್ಲ!" ಎಂದು ಅವಳು ಟವೆಲು ಕೊಟ್ಟಳು. "ಪಾಪ, ನಿಮ್ಮದೂ ಕೆಲಸದ ಪ್ರಶ್ನೆ. ನನಗೆ ಸಿಟ್ಟೆಲ್ಲ ಇಳೀತು. ಏಳೂ ಉತ್ತರ ಬಾಯಿಪಾಠ ಮಾಡಿದೀನಿ. ನಾಳೆ ನಿಮ್ಮ ಜೊತೇಲೇ ಬಂದು, ಆ ಪರೀಕ್ಷಕರ ಎದುರಿಗೇ ಹೇಳಿ ನಮ್ಮಮ್ಮನ ಛತ್ರಿ ತಗೋತೀನಿ. ನಿಮಗೂ ಒಳ್ಳೆ ಹೆಸರು ಬರತ್ತೆ."

ಗುಮಾಸ್ತರು ಟವೆಲನ್ನು ತಲೆಯ ಮೇಲೆ ಹೊದ್ದುಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ.