ಮಾವನವರ ಮೊಣಕಾಲಿಗೆ ಸ್ವಂತ ಜೆಲ್

ಕರಜಗಿಯಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. ಮಧ್ಯಾಹ್ನ ಗಿರಾಕಿಗಳು ಇರುವುದಿಲ್ಲ. ಫ್ಯಾನು ಗರಗರ ತಿರುಗುತ್ತದೆ, ನಾನು ಗಲ್ಲೆಯ ಮೇಲೆ ಗಲ್ಲವಿಟ್ಟು ಕನಸು ಕಾಣುತ್ತೇನೆ. ಅಂಥ ಒಂದು ಮಧ್ಯಾಹ್ನ ಹೊಳೆಯಿತು: ಔಷಧಶಾಸ್ತ್ರ ಕಲಿತವನು ಜನ್ಮವಿಡೀ ಪರರ ಟ್ಯೂಬು ಮಾರಬೇಕೇ? ಮೊಣಕಾಲು ನೋವಿಗೆ ನನ್ನದೇ ಒಂದು ಜೆಲ್! ಕಣ್ಣು ಮುಚ್ಚಿದರೆ ಸಾಕು, ಗಾಜಿನಂತೆ ತಿಳಿಯಾದ ಜೆಲ್ಲು, ಅದರೊಳಗೆ ಎಲ್ಲಿಗೂ ಹೋಗುವ ಅವಸರವಿಲ್ಲದ ಸಣ್ಣ ಸಣ್ಣ ಗುಳ್ಳೆಗಳು…

ಮೊದಲ ಮೊಣಕಾಲೂ ತಾನಾಗಿ ಮನೆಗೆ ನಡೆದು ಬಂತು. ಕುಂಟುತ್ತಾ! ಸೋನ್ಯಾಳದ ನನ್ನ ಮಾವನವರು ಜೀವಮಾನವೆಲ್ಲ ಕುರಿಗಳ ಹಿಂದೆ ನಡೆದವರು. ಮರುದಿನ ಮುಚ್ಚಂಡಿಯಲ್ಲಿ ಅವರ ತಂಗಿಯ ಮಗಳ ಮದುವೆ. ಮೆರವಣಿಗೆಯ ಮುಂದೆ ಡೊಳ್ಳು ಬಾರಿಸಬೇಕೆಂಬುದು ಅವರ ಆಸೆ.

"ಡೊಳ್ಳ ಹೊಡೀಬೇಕಂದ್ರ ಮೊಣಕಾಲು ಮಡಚಬೇಕ್ರಿ ಅಳಿಯಾರ. ಇದು ಮಡಚವಲ್ದು."

"ಚಿಂತಿ ಬಿಡ್ರಿ ಮಾವಾರ. ಔಷಧ ನಾನ ಮಾಡ್ತೀನಿ!"

ಜೆಲ್ಲು ಕಟ್ಟಲು ಕಾರ್ಬೋಮರ್ ಎಂಬ ಬಿಳಿ ಪುಡಿ ಬೇಕು. ಸಾಂಗಲಿಯಿಂದ ತರಿಸಿಟ್ಟಿದ್ದೆ. ಅದನ್ನು ನೀರಿನ ಮೇಲೆ ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು, ತಾಳ್ಮೆಯಿಂದ ನೆನೆಯಲು ಬಿಡಬೇಕು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ನಾನು ಆಗ ಕಿಟಕಿಯಾಚೆ ನೋಡುತ್ತಿದ್ದೆ. ಈಗಲೂ ನೋಡುತ್ತಿದ್ದೆ. ಪುಡಿ ದಬಕ್ಕನೆ ಪಾತ್ರೆಗೆ ಬಿತ್ತು! ಮೇಲೆ ಹಸಿ, ಒಳಗೆ ಒಣಗಿದ ಉಂಡೆಗಳು ತೇಲತೊಡಗಿದವು.

ಹೆಂಡತಿ ರೇಣುಕಾ ಇಣುಕಿದಳು. "ಏನ್ರೀ, ರವಾ ಉಂಡಿ ಮಾಡಾಕತ್ತೀರೇನು?"

"ಇದು ವಿಜ್ಞಾನ."

"ಮಾಡ್ರಿ. ವಿಜ್ಞಾನಕ್ಕ ನನ್ನ ಮಿಕ್ಸರ್ ಮಾತ್ರ ಮುಟ್ಟಬ್ಯಾಡ್ರಿ."

ಅವಳು ಅಪ್ಪನಿಗೆ ಚಹಾ ಕೊಡಲು ಹೋದಳು. ನಾನು ಮಿಕ್ಸರ್ ಮುಟ್ಟಿದೆ.

ಉಂಡೆಗಳೇನೋ ಒಡೆದವು. ಆದರೆ ಜೆಲ್ಲಿನ ಬದಲು ತೆಳ್ಳನೆಯ ಮಜ್ಜಿಗೆ! ಪುಡಿ ಸಾಲದೆಂದು ಉಳಿದದ್ದನ್ನೂ ಸುರಿದೆ. ಆಮೇಲೆ ನೆನಪಾಯಿತು: ಈ ಪುಡಿ ಹುಳಿ ಜಾತಿಯದು. ಅದರ ಹುಳಿ ಮುರಿಯುವ ಇನ್ನೊಂದು ದ್ರವ ಬಿದ್ದರೆ ಮಾತ್ರ ಅದು ಗಟ್ಟಿಯಾಗುತ್ತದೆ. ಆ ದ್ರವವನ್ನೂ ಧಾರಾಳವಾಗಿ ಹಾಕಿದೆ. ಮಿಕ್ಸರ್ 'ಗುರ್ರ್' ಎಂದಿತು. 'ಕುಂಯ್' ಎಂದಿತು. ಬಳಿಕ ಏನೂ ಅನ್ನಲಿಲ್ಲ.

ಜಾರ್ ಬೋರಲು ಹಾಕಿದರೂ ಜೆಲ್ಲು ಬೀಳಲಿಲ್ಲ. ಆದರೆ ಎಂಥ ಚೆಲುವು! ಒಂದು ತುಣುಕನ್ನು ಚಮಚದಿಂದ ಕಿತ್ತು ಬೆಳಕಿಗೆ ಹಿಡಿದೆ. ಅದರೊಳಗೆ ಗುಳ್ಳೆಗಳು ನಿದ್ದೆ ಹೋಗಿದ್ದವು. ಅದರಾಚೆ ಬೇವಿನ ಮರ ಅಲುಗಿತು, ಆಕಾಶ ನೀಲಿಯಾಗಿ ತೇಲಿತು, ಆಮೇಲೆ ಹೆಂಡತಿಯ ಮುಖ ಬಂತು. ಅದು ತಿಳಿಯಾಗಿರಲಿಲ್ಲ!

"ಮಿಕ್ಸರ್ ಸತ್ತೈತಿ," ಎಂದಳು. ಅದರ ವೈರು ಸುತ್ತಿ ಎತ್ತಿಕೊಂಡು ಹೋದಳು.

ನೀರು ಬೆರೆಸಿ, ಕೈಯಿಂದಲೇ ನಾದಿ, ಸ್ಪಿರಿಟಿನಲ್ಲಿ ಕರಗಿಸಿದ ಕರ್ಪೂರ ಮತ್ತು ಮೆಂಥಾಲ್ ಸೇರಿಸಿದೆ. ಕೊನೆಗೂ ಜೆಲ್ಲು ದಾರಿಗೆ ಬಂತು. ಮಾವನವರ ಮುಂದೆ ವಿಧಿಪೂರ್ವಕವಾಗಿ ಕುಳಿತು ಮೊಣಕಾಲಿಗೆ ಹಚ್ಚಿದೆ. ಹಚ್ಚಿದ್ದೇ ತಡ, ಜೆಲ್ಲು ನೀರಾಗಿ ಹಿಮ್ಮಡಿಯತ್ತ ಹರಿಯಿತು! ಮತ್ತೆ ಹಚ್ಚಿದೆ. ಮತ್ತೆ ಹರಿಯಿತು.

ಮಾವನವರು ಬಗ್ಗಿ ನೋಡಿದರು. "ಅಳಿಯಾರ, ಮೊಣಕಾಲು ಅಳಾಕತ್ತೈತಿ."

"ಮಾವಾರ, ಕಾಲಿಗೆ ಮೊದಲ ಏನರ ಹಚ್ಚಿದ್ರೇನು?"

"ಹಚ್ಚಿಲ್ಲ. ನೋವ ಭಾಳ ಆಗಿತ್ತಂತ ಬಿಸಿ ಉಪ್ಪುನೀರಾಗ ತೋಯಿಸಿದ್ನಿ. ಉಪ್ಪ ಒಂದ್ ಮುಷ್ಟಿ ಹೆಚ್ಚಿಗೀನ ಹಾಕಿದ್ನಿ."

ಉಪ್ಪು ತಾಗಿದರೆ ಈ ಜೆಲ್ಲಿನ ಕಟ್ಟು ಸಡಿಲಿ ನೀರಾಗುತ್ತದೆ. ಅದನ್ನೂ ಕಾಲೇಜಿನಲ್ಲಿ ಹೇಳಿದ್ದಿರಬೇಕು. ಒರೆಸಲು ಬಟ್ಟೆ ತರೋಣವೆಂದು ಎದ್ದೆ. ನೆಲವೆಲ್ಲ ಲೋಳೆ! ಎರಡೂ ಕಾಲು ಗಾಳಿಯಲ್ಲಿ ತೇಲಿದವು. ಒಂದು ಕ್ಷಣ ಎಲ್ಲವೂ ಹಗುರ, ನಿಧಾನ, ಸುಂದರ. ಆಮೇಲೆ ಮೊಣಕಾಲು ಊರಿ ಬಿದ್ದೆ.

ರೇಣುಕಾ ಅಂಗಡಿಯಿಂದ ಟ್ಯೂಬೊಂದನ್ನು ತಂದಳು. ಮಾವನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯವ್ವಾ, ಇದು ಅಳಿಯಾರು ಮಾಡಿದ್ದಲ್ಲಲ್ಲ?"

"ಅಲ್ಲಪ್ಪಾ, ಕಂಪನೀದು."

"ಹಂಗಾರ ಲಗೂನ ಹಚ್ಚು."

"ನನಗೂ," ಎಂದೆ ನೆಲದಿಂದ.

ಮರುದಿನ ಮುಚ್ಚಂಡಿಯಲ್ಲಿ ಜನ ತೂರಿದ ಭಂಡಾರದ ಅರಿಶಿನಪುಡಿ ಬಿಸಿಲಲ್ಲಿ ತೇಲುತ್ತಿತ್ತು. ಮಾವನವರು ಮೊಣಕಾಲು ಮಡಚಿ ಮಡಚಿ ಡೊಳ್ಳು ಬಾರಿಸಿದರು. ನಾನು ಮುದುಕರ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು, ಕಾಲು ನೀಡಿ ಕುಳಿತಿದ್ದೆ. ಪಕ್ಕದ ಅಜ್ಜ ಕನಿಕರದಿಂದ ಕೇಳಿದರು:

"ಮೊಣಕಾಲೇನ್ರಿ? ಔಷಧ ಏನ್ ಮಾಡೀರಿ?"

"ಔಷಧ ಮಾಡಾಕ್ ಹೋಗೇ ಬಂದೈತ್ರಿ ಅಜ್ಜಾರ, ಇದು!"