ಹುಲ್ಲು ಹುಲ್ಲಿನ ವಾಸನೆ ಬೀರಕೂಡದೆಂಬ ಬಗ್ಗೆ

ಸುರಕ್ಷತಾ ಶಾಖೆ, ಪಾಲಿಕಾರ್ಬನೇಟ್ ಘಟಕ, ಬೆಳ್ಳಾವಿ ರಸ್ತೆ, ತುಮಕೂರು

ಸಂಖ್ಯೆ: ಸುಶಾ/ಮೂಗು/ಹುಲ್ಲು/07/2025-26

ವಿಷಯ: ಕಾಂಪೌಂಡಿನ ಪಕ್ಕದ ಹುಲ್ಲು ಅನಧಿಕೃತವಾಗಿ ವಾಸನೆ ಬೀರುತ್ತಿರುವ ಕುರಿತು.

ಉಲ್ಲೇಖ: ಶ್ರೀಮತಿ ಚಿಕ್ಕಮಾರಮ್ಮ ಅವರು ಗೇಟಿನಲ್ಲಿ ಕೂಗಿದ ಮೌಖಿಕ ದೂರು.

ಹೆಲ್ಮೆಟ್ ಗಾಜು, ನೀರಿನ ಕ್ಯಾನು ಮುಂತಾದವಕ್ಕೆ ಬೇಕಾದ ಪಾಲಿಕಾರ್ಬನೇಟ್ ತಯಾರಿಸಲು ಈ ಘಟಕದಲ್ಲಿ ಬಿಸ್ಫಿನಾಲ್ ಜೊತೆಗೆ ಫಾಸ್ಜೀನ್ ಎಂಬ ವಿಷಾನಿಲವನ್ನು ಬಳಸಲಾಗುತ್ತಿದೆ. ಸದರಿ ಅನಿಲಕ್ಕೆ ಆಗತಾನೇ ಕೊಯ್ದ ಹುಲ್ಲಿನ ವಾಸನೆಯಿರುತ್ತದೆ. ಸೋರಿಕೆ ಪತ್ತೆ ಯಂತ್ರವು ಕೆಟ್ಟು ಗುಬ್ಬಿಗೆ ರಿಪೇರಿಗೆ ಹೋಗಿರುವುದರಿಂದ ಅದರ ಪ್ರಭಾರವನ್ನು ಮೇಲ್ವಿಚಾರಕ ಗೋವಿಂದರಾಜು ಅವರ ಮೂಗಿಗೆ ವಹಿಸಲಾಗಿದೆ. ಆದರೆ ಗೋಡೆಯಾಚೆ ಚಿಕ್ಕಮಾರಮ್ಮ ಅವರು ಹಸುವಿಗೆಂದು ಹುಲ್ಲು ಕೊಯ್ದಾಗಲೆಲ್ಲ ಸದರಿ ಮೂಗು ಗಾಬರಿಗೊಂಡು, ಸೈರನ್ ಮೊಳಗಿ, ಉತ್ಪಾದನೆ ನಿಲ್ಲುತ್ತಿದೆ. ಆದ್ದರಿಂದ ಕೆಳಕಂಡಂತೆ ಆದೇಶಿಸಿದೆ:

1. ಹುಲ್ಲನ್ನು ಪೂರ್ತಿ ಒಣಗಿದ ಮೇಲೆಯೇ ಕೊಯ್ಯತಕ್ಕದ್ದು. ತುರ್ತಾಗಿ ಹಸಿದ ಹಸುಗಳು ಲಿಖಿತ ಮನವಿ ಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು.

2. ಕೊಯ್ದ ಹುಲ್ಲನ್ನು ಪಾಲಿಯೆಸ್ಟರ್ ಹೊದಿಕೆಯಲ್ಲಿ ಮುಚ್ಚಿಡತಕ್ಕದ್ದು. ಮೆಲುಕು ಹಾಕುವಾಗ ಹಸುವಿನ ಬಾಯಿ ಕಾರ್ಖಾನೆಯ ಕಡೆಗೆ ಇರತಕ್ಕದ್ದಲ್ಲ.

3. ಮೇಲಿನವು ಜಾರಿಯಾಗುವ ತನಕ ಅವರ ಹುಲ್ಲನ್ನೆಲ್ಲ ಶಾಖೆಯ ಟ್ರ್ಯಾಕ್ಟರಿನಲ್ಲಿ ದೂರದ ಹಾಗಲವಾಡಿಗೆ ಸಾಗಿಸಲಾಗಿದೆ. ಹಸುವು ಬಯಸಿದಲ್ಲಿ ಅಲ್ಲಿಗೇ ಹೋಗಿ ಮೇಯಬಹುದು.

4. ಮೂಗಿಗೆ ನೆಗಡಿಯಾದ ದಿನಗಳನ್ನು ಸೋರಿಕೆರಹಿತ ದಿನಗಳೆಂದು ಫಲಕದಲ್ಲಿ ಬರೆಯತಕ್ಕದ್ದು.

5. ಇಷ್ಟೆಲ್ಲ ಮುತುವರ್ಜಿ ವಹಿಸಿದ್ದರೂ ಚಿಕ್ಕಮಾರಮ್ಮ ಅವರು ಇಂದು ಗೇಟಿಗೆ ಬಂದು, "ಹುಲ್ಲೆಲ್ಲಾ ನಿಮ್ಮೋರೇ ಹೊತ್ಕೊಂಡೋದ್ರಲ್ಲಪ್ಪ, ಕೊಟ್ಟಿಗೇಲಿ ಒಂದ್ ಕಡ್ಡೀನೂ ಇಲ್ಲ. ಮತ್ತೀ ವಾಸ್ನೆ ಎಲ್ಲಿಂದ ಬತ್ತೈತೆ? ನನ್ ಮಗ್ಳು ಒಳಗವ್ಳೆ ಕಣಪ್ಪ, ಈಚೆಗೆ ಕಳ್ಸು" ಎಂದು ಅತ್ತಿರುತ್ತಾರೆ. ಅವರ ಮಗಳು ಕೋಮಲಾ ಎರಡನೇ ಪಾಳಿಯಲ್ಲಿದ್ದು, ಪಾಳಿ ಶುರುವಾದಾಗಿನಿಂದ ಕೆಮ್ಮುತ್ತಿರುವುದು ನಿಜ. ಆದಾಗ್ಯೂ, ಹುಲ್ಲಿಲ್ಲದೆ ಬರುತ್ತಿರುವ ವಾಸನೆಯು ಹಳೆಯ ಹುಲ್ಲಿನ ಬಾಕಿ ವಾಸನೆಯೆಂದು ತೀರ್ಮಾನಿಸಿ, ಸೈರನ್ನಿನ ವೈರನ್ನು ಕಿತ್ತಿಡಲಾಗಿದೆ.

6. ಪಾಳಿ ಮುಗಿಯುವವರೆಗೆ ಯಾರೂ ಹೊರಬರತಕ್ಕದ್ದಲ್ಲ.

ಸಹಿ/-
ಅಂಜನ್‌ಕುಮಾರ್
ಸುರಕ್ಷತಾಧಿಕಾರಿ
ಶಿಬಿರ: ಕುಣಿಗಲ್ (ಗಾಳಿ ತಿರುಗುವವರೆಗೆ)

ಪ್ರತಿ:
1. ಪಶುವೈದ್ಯರು: ಹಸುವಿಗೆ ಓದಿ ಹೇಳಿ ಸ್ವೀಕೃತಿ ಪಡೆಯಲು.
2. ಗೋವಿಂದರಾಜು, ಮೇಲ್ವಿಚಾರಕರು: ಮೂಗು ಮುಚ್ಚಿಕೊಂಡು ಪಾಲಿಸಲು.
3. ಚಿಕ್ಕಮಾರಮ್ಮ: ಗೇಟಿನ ಹೊರಗೆ, ನಿಂತಲ್ಲಿಗೇ.
4. ಕೋಮಲಾ, ಎರಡನೇ ಪಾಳಿ: ಹೊರಬಂದಲ್ಲಿ, ಮಾಹಿತಿಗಾಗಿ.