ಯಾರ ಮ್ಯಾಲ ಹಲ್ಲು ಕಡೀತೀರಿ?

ನಮ್ಮ ಕಡಿ ಯಾರೂ ಸುಮ್ಮನ ಹಲ್ಲು ಕಡಿಯಾಂಗಿಲ್ಲ, ಯಾರದರ ಮ್ಯಾಲ ಕಡೀಬೇಕು. ನಾ ನಿದ್ದ್ಯಾಗ ಹಲ್ಲು ಕಡೀತೀನಿ. ಇದೊಂದು ರೋಗ, ಇದರಾಗ ಸಿಟ್ಟೂ ಇಲ್ಲ ಸೆಡವೂ ಇಲ್ಲ ಅಂತ ಎಷ್ಟು ಮಂದಿಗೆ ಹೇಳಿದ್ರೂ ಕೇಳಿದವರೆಲ್ಲ ತಮ್ಮ ಮೈಮ್ಯಾಲ ಎಳಕೊಂತಾರ. ಹಿಂಗಾಗಿ ಒಂದಿಲ್ಲೊಂದು ಫಜೀತಿ ನನಗ ತಪ್ಪಿದ್ದಲ್ಲ.

ಅದರಾಗ ಈ ವರ್ಷ ಮಗಳ ಮದುವಿ ಮಾತು ಬ್ಯಾರೆ ನಡದಿತ್ತು. ಹುಡುಗ ದೇವದುರ್ಗದವ, ರಾಯಚೂರಾಗ ಕಾಲೇಜಿನಾಗ ಕಲಿಸ್ತಾನ. ನನ್ನ ಮಗಳು ರಾಯಚೂರಾಗೇ ಬ್ಯಾಂಕಿನಾಗ ಇದ್ದಾಳ. ಅಕಿಗೆ ಅವನೂ ಬೇಕು, ನೌಕರಿನೂ ಬೇಕು. ಹುಡುಗನ ಮನಿಯವರಿಗೆ ಹುಡುಗಿ ಬೇಕು, ಅಕಿ ನೌಕರಿ ಬ್ಯಾಡ. ಇದಿಷ್ಟು ಮೊದಲ ತಿಳಕೊಂಡಿರ್ರಿ.

ಗಂಡನ ತಕರಾರು

ಮುಂಜಾನಿ ಚಹಾ ಕೊಡಾಕ ಹೋದ್ರ ನಮ್ಮ ಮನಿಯವರು ಮುಖ ಊದಿಸಿಕೊಂಡು ಕುಂತಿದ್ರು.

"ಏನಾತ್ರೀ?"

"ರಾತ್ರಿಯೆಲ್ಲ ನನ್ನ ಮ್ಯಾಲ ಹಲ್ಲು ಕಡದಿ."

"ನಿಮ್ಮ ಮ್ಯಾಲಲ್ರೀ, ನಿದ್ದ್ಯಾಗ ಕಡದೀನಿ."

"ಮಗ್ಗಲದಾಗ ಇದ್ದವ ನಾ ಒಬ್ಬನ. ಮತ್ಯಾರ ಮ್ಯಾಲ?"

ಬಾಜು ಮನಿ ದೊಡ್ಡಮ್ಮ ಇದನ್ನ ಕೇಳಿ, "ಹೊಟ್ಟ್ಯಾಗ ಹುಳ ಆಗ್ಯಾವ ನೋಡವಾ" ಅಂದ್ಳು. ಶಾಲ್ಯಾಗ ಹುಡುಗರಿಗೆ ಹುಳದ ಗುಳಿಗಿ ಹಂಚಾಕಿ ನಾನ. ಒಂದು ತಂದು ನುಂಗಿದೆ. ಹುಳ ಸತ್ತುವೋ ಇಲ್ಲೋ, ಹಲ್ಲಿನ ಸಪ್ಪಳ ಮಾತ್ರ ನಿಲ್ಲಲಿಲ್ಲ.

ಕಡೀಗೆ ಮನಿಯವರು ಕೈ ಮುಗದ್ರು. "ಎಚ್ಚರಿದ್ದಾಗ ಬೈತಿ, ನಿದ್ದಿ ಹತ್ತಿದ ಮ್ಯಾಲ ಹಲ್ಲು ಕಡೀತಿ. ಯವ್ವಾ, ನನಗ ಸೂಟಿ ಯಾವಾಗ?"

ಡಾಕ್ಟರ್ ಸಾಕ್ಷಿ

ಬರ್ತಾ ಬರ್ತಾ ಮುಂಜಾನಿ ಎದ್ರ ತಲಿನೋವು, ಕಿವಿ ಹತ್ರ ನೋವು. ಬಾಯಿ ತೆರದ್ರ ದವಡಿ ಕಟಕ್ ಅಂತಿತ್ತು. ಕಿವಿ ಡಾಕ್ಟರ್ ನೋಡಿ, ಕಿವಿ ಚೊಲೊ ಅದ, ಹಲ್ಲಿನವರ ಕಡಿ ಹೋಗ್ರಿ ಅಂದ್ರು. ರಾಯಚೂರಾಗ ಹಲ್ಲಿನ ದವಾಖಾನಿಗೆ ಹೋದ್ರ ಅಲ್ಲಿ ಇದ್ದದ್ದು ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್.

ಬ್ಯಾಟರಿ ಬಿಟ್ಟು ನೋಡಿದ. "ಹಲ್ಲು ಭಾಳ ಸವದಾವ್ರೀ. ಕಡದು ಕಡದು ದವಡಿ ಕೀಲಿಗೂ ಪೆಟ್ಟು ಬಿದ್ದದ. ಮಲಗಬೇಕಾದ್ರ ಹಲ್ಲಿಗೆ ಹಾಕ್ಕೊಳ್ಳಾಕ ಒಂದು ಕವರ್ ಮಾಡಿ ಕೊಡ್ತೀನಿ. ಕಡಕ್ ರೊಟ್ಟಿ ತಿನ್ನಬ್ಯಾಡ್ರಿ. ಗಟ್ಟಿ ಒದರಬ್ಯಾಡ್ರಿ, ಬಾಯಿ ಭಾಳ ತೆರೀಬ್ಯಾಡ್ರಿ."

"ಮಗಳ ಮದುವಿ ಚಿಂತಿಗೆ ಈಗೀಗ ಹತ್ತ್ಯಾದಪಾ ಇದು," ಅಂದೆ.

"ಇಲ್ಲ್ರೀ ಟೀಚರ್, ಭಾಳ ಹಳೇದು."

"ನಿನಗ ಹೆಂಗ ಗೊತ್ತು?"

"ಏಳನೇ ಕ್ಲಾಸ್ ಬಿ ಸೆಕ್ಷನ್ನಿನಾಗ ನನ್ನ ಕಿವಿ ಹಿಂಡಬೇಕಾದ್ರನೂ ಹಿಂಗ ಕಡೀತಿದ್ರಿ. ಆವಾಗ ನಿಮಗ ನಿದ್ದಿ ಹತ್ತಿರಲಿಲ್ಲ."

ಬಾಯಿ ತೆರೀಲಾರದವರು

ನನ್ನ ಶಾಲಿ ಮಾನ್ವಿಯಾಗ, ರಾಯಚೂರಿಂದ ದಿನಾ ಬಸ್ಸಿಗೆ ಹೋಗಿ ಬರ್ತೀನಿ. ಹೆಡ್ ಮಾಸ್ತರ್‌ಗೆ ಹೇಳಿದೆ: "ಸರ್, ಸ್ವಲ್ಪ ದಿನ ಬಾಯಿ ತೆರೀಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ." ಒಂದೆರಡು ಪೀರಿಯಡ್ ಕಡಿಮಿ ಮಾಡ್ತಾರ ಅಂತ ನನ್ನ ಆಸಿ. ಮರುದಿನ ನೋಡಿದ್ರ ಹಿರೇಕೊಟ್ನೆಕಲ್‌ನಾಗ ಮನಿ ಮನಿ ತಿರುಗೋ ಗಣತಿ ಡ್ಯೂಟಿ ನನ್ನ ತಲಿಗೆ ಕಟ್ಟ್ಯಾರ!

"ಇದೇನ್ರೀ ಸರ್, ಆರಾಮಿಲ್ಲ ಅಂದಾಕಿಗೆ ಇದನ್ನ ಹಾಕೂದಾ?"

"ಮೇಡಂ, ಉಳದವರಿಗೆ ಹಾಕಿದ್ರ ಬಾಯಿ ಮಾಡ್ತಾರ," ಅಂದ್ರು ಸಮಾಧಾನಲೇ. "ಡಾಕ್ಟರ್ ಕಡಿಂದ ಬಾಯಿ ಬಂದ್ ಮಾಡಿಸ್ಕೊಂಡು ಬಂದವರು ನೀವೊಬ್ಬರ."

ಅವತ್ತು ನಾ ಹಾಡಹಗಲ, ಪೂರಾ ಎಚ್ಚರಿದ್ದು, ಅವರ ಮ್ಯಾಲ ಹಲ್ಲು ಕಡದೆ.

ದೇವದುರ್ಗದಾಗ ಅಡ್ಡಾದದ್ದು

ಕಡೀ ಮಾತು ಆಡಿ ಮುಗಸೋಣ ಬರ್ರಿ ಅಂತ ಹುಡುಗನ ಮನಿಯಿಂದ ಫೋನ್ ಬಂತು. ಮಗಳು ಹೊಸ್ತಿಲದಾಗ ನಿಂತು ಹೇಳಿದ್ಳು: "ಯವ್ವಾ, ನೌಕರಿ ಬಿಡಾಂಗಿಲ್ಲ ಅಂತ ಹೇಳಿ ಬಾ. ಹಂಗಂತ ಸಂಬಂಧ ಕೆಡಸಬ್ಯಾಡ." ಎರಡೂ ಒಮ್ಮೆಗೆ ಹೆಂಗಾಗಬೇಕು? ನಾನೂ ಮನಿಯವರೂ ಬಸ್ ಹತ್ತಿದ್ವಿ, ದಾರ್ಯಾಗ ಗಬ್ಬೂರು ದಾಟೂತನಾ ನನಗ ಅದ ಹೆದರಿಕಿ.

ಹುಡುಗನ ತಂದಿ ಭತ್ತದ ಮಿಲ್ಲಿನ ಸಾಹುಕಾರ್ರು. ಕುಂತ ಕೂಡಲೇ ಅಂದ್ರು: "ಮದುವಿ ಆದ ಮ್ಯಾಲ ಹುಡುಗಿ ನೌಕರಿ ಬಿಡಬೇಕ್ರಿ. ನಮ್ಮ ಮನ್ಯಾಗ ಏನು ಕಡಿಮಿ ಅದ?" ನಾ ನಕ್ಕೊಂತ, ಮೆತ್ತಗ, ಎಷ್ಟು ತಿಳಿಸಿ ಹೇಳಿದ್ರೂ ಸಾಹುಕಾರ್ರು, ಅವರ ಹೆಂಡತಿ ಇಬ್ಬರದೂ ಒಂದ ಹಟ. ಕಡೀಗೆ ಸೋತು, ಊಟ ಆದ ಮ್ಯಾಲ ನೋಡೋಣ್ರಿ ಅಂದೆ.

ಹೋಳಿಗಿ, ಮ್ಯಾಲ ತುಪ್ಪ. ಉಂಡವರಿಗೆ "ಸ್ವಲ್ಪ ಅಡ್ಡಾಗ್ರಿ" ಅನ್ನದಿದ್ರ ನಮ್ಮ ಕಡಿ ಉಪಚಾರ ಪೂರಾ ಆಗಾಂಗಿಲ್ಲ. ಬ್ಯಾಡ ಅಂದ್ರೂ ಕೇಳದ ಒಳಗ ಮಂಚಕ್ಕ ಹಾಸಿ ಬಿಟ್ರು. ಹಲ್ಲಿನ ಕವರ್ ರಾಯಚೂರಾಗ ಉಳದಿತ್ತು. ಕಣ್ಣು ಮುಚ್ಚಾಂಗಿಲ್ಲ ಅಂತ ಗಟ್ಟಿ ಮನಸ್ಸು ಮಾಡಿ ಬೆನ್ನು ಹಚ್ಚಿದೆ. ಹೋಳಿಗಿ ಉಂಡ ಹೊಟ್ಟಿ ನನ್ನ ಮಾತು ಕೇಳ್ತದೇನು?

ಎದ್ದು ನೋಡ್ತೀನಿ, ಬಾಗಿಲದಾಗ ಗಂಡ ಹೆಂಡತಿ ಇಬ್ಬರೂ ನಿಂತಾರ, ಮುಖದಾಗ ಕಳಿ ಇಲ್ಲ. ಹೋತು, ಮಗಳ ಸಂಬಂಧ ಹೋತು ಅನಕೊಂಡೆ.

ಬೀಗತಿ ಬಂದು ಕೈ ಹಿಡಕೊಂಡ್ರು. "ಎಷ್ಟು ಸಿಟ್ಟು ಬಂದದ್ರೀ ನಿಮಗ! ಎದುರಿಗೆ ನಕ್ಕೊಂತ ಮಾತಾಡಿ, ಒಳಗ ಬಂದು ನಮ್ಮ ಮ್ಯಾಲ ಹಂಗ ಹಲ್ಲು ಕಡದ್ರಲ್ಲ. ಪಡಸಾಲಿ ತನ ಕೇಳಿಸ್ತು."

"ಹುಡುಗಿ ನೌಕರಿ ಮಾಡ್ಲಿ ಬಿಡ್ರಿ," ಅಂದ್ರು ಸಾಹುಕಾರ್ರು. "ಮನಸಿನಾಗ ಇಟ್ಕೋಬ್ಯಾಡ್ರಿ."

"ಇಲ್ಲ್ರೀ, ಅಕಿಗೆ ಅದು ರೋ..." ಅಂತ ನಮ್ಮ ಮನಿಯವರು ಸುರು ಮಾಡಿದ್ರು. ಅವರ ಕಾಲು ಗಟ್ಟಿ ತುಳದೆ. "ಏನು ಮಾಡೂದ್ರೀ, ಹೆತ್ತ ಕರುಳು," ಅಂದು ಸೆರಗಿಲೆ ಕಣ್ಣು ಒರಸಿಕೊಂಡೆ. ಎಚ್ಚರಿದ್ದು ಹೇಳಿದ ಮಾತಿಗೆ ಈ ಮನ್ಯಾಗ ಕಿಮ್ಮತ್ತಿಲ್ಲ, ನಿದ್ದ್ಯಾಗ ಕಡದ ಹಲ್ಲಿಗೆ ಅದ ಅಂತ ಒಳಗ ಉರಿದದ್ದೂ ಖರೇ. ಆದ್ರ ಮಗಳ ಕೆಲಸ ಉಳಿತು.

ಹೊಂಟಾಗ ಹುಡುಗ ಮೆಲ್ಲಕ ನನ್ನ ಹತ್ರ ಬಂದ.

"ಅತ್ತಿ, ಅಕಿ ನೌಕರಿ ಮಾಡಬೇಕಂದ್ರ ನಾವು ರಾಯಚೂರಾಗ ಬ್ಯಾರೆ ಮನಿ ಮಾಡಬೇಕಾಗ್ತದ. ಅದಕ್ಕ ನಮ್ಮಪ್ಪ ಒಪ್ಪವಲ್ಲ."

"ಅದಕ್ಕ ನಾ ಏನು ಮಾಡ್ಲೆಪಾ?"

"ಬಸ್ಸಿಗೆ ಇನ್ನಾ ಟೈಮ್ ಅದ. ಇನ್ನೊಂದು ಜರಾ ಅಡ್ಡಾಗ್ತೀರೇನು?"